ಬಿಳಿಗೆ ಸಮಯ, ಕಪ್ಪಿಗೆ ಗ್ರೇಡ್

ಕಪ್ಪು-ಬಿಳುಪು ಚಿತ್ರವನ್ನು ಡಾರ್ಕ್‌ರೂಮಿನಲ್ಲಿ ಕೈಯಾರೆ ಪ್ರಿಂಟ್ ಮಾಡಬೇಕೆಂಬ ಆಸೆಯಿರುವ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಎನ್‌ಲಾರ್ಜರ್ ಬಳಸುವುದನ್ನಲ್ಲ, ನೆಗೆಟಿವ್ ಓದುವುದನ್ನು. ಆ ಓದು ಬಾರದಿದ್ದರೆ ಹಾಳಾಗುವುದು ಹಾಳೆಯಷ್ಟೇ ಅಲ್ಲ, ಹುಮ್ಮಸ್ಸು ಕೂಡ.

ಹಳ್ಳಿಮನೆಯ ಜಗುಲಿ. ಅದರ ಮೇಲೆ ಅಜ್ಜನೊಬ್ಬ ಕುಳಿತಿದ್ದಾನೆ. ಉಟ್ಟದ್ದು ಬಿಳಿ ಪಂಚೆ, ಹೆಗಲ ಮೇಲೆ ಕರಿ ಕಂಬಳಿ. ಬೆಳಗಿನ ಬಿಸಿಲು ಪಂಚೆಯ ಮೇಲೆ ಬಿದ್ದಿದೆ. ಕಂಬಳಿ ಸೂರಿನ ನೆರಳಿನಲ್ಲಿದೆ. ಇಂಥದೊಂದು ದೃಶ್ಯವನ್ನು ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದು, ಒಂದೇ ನೆಗೆಟಿವನ್ನು ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಏನಾಗಬಹುದು? ಒಬ್ಬನ ಪ್ರಿಂಟಿನಲ್ಲಿ ಅಜ್ಜ ಬೂದಿ ಬಳಿದುಕೊಂಡು ಕುಳಿತಂತೆ ಕಾಣುತ್ತಾನೆ. ಇನ್ನೊಬ್ಬಳ ಪ್ರಿಂಟಿನಲ್ಲಿ ಪಂಚೆಯ ನೆರಿಗೆಗಳನ್ನು ಎಣಿಸಬಹುದು, ಕಂಬಳಿಯ ಎಳೆಗಳನ್ನೂ ಗುರುತಿಸಬಹುದು. ಎನ್‌ಲಾರ್ಜರ್ ಒಂದೇ, ಕಾಗದ ಒಂದೇ, ಡೆವಲಪರ್ ಬಾಟಲಿಯೂ ಒಂದೇ.

ಇದನ್ನು ‘ಕೈಗುಣ’ ಎಂದು ಹೇಳಿ ಮುಗಿಸುವವರುಂಟು. ಆದರೆ ಡಾರ್ಕ್‌ರೂಮಿನಲ್ಲಿ ಕೈಗುಣ ಎಂಬುದು ಬಹುಪಾಲು ಸರಿಯಾದ ಕ್ರಮದಲ್ಲಿ ಕೇಳಿಕೊಂಡ ನಾಲ್ಕೈದು ಪ್ರಶ್ನೆಗಳಷ್ಟೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನಿರ್ಧರಿಸಬೇಕು ಎಂಬುದು ತಿಳಿದರೆ ಕಾಲೇಜು ವಿದ್ಯಾರ್ಥಿಯೂ ಕೆಲವೇ ವಾರಗಳಲ್ಲಿ ಒಪ್ಪುವಂಥ ಪ್ರಿಂಟ್ ತೆಗೆಯಬಲ್ಲ. ಆ ಕ್ರಮ ತಪ್ಪಿದರೆ ಹಾಳೆಯ ಮೇಲೆ ಹಾಳೆ ಕಸದ ಬುಟ್ಟಿ ಸೇರುತ್ತದೆ.

ಹಾಳೆ ಅಗ್ಗದ ವಸ್ತುವಲ್ಲ. ಒಂದು ಕಾಲಕ್ಕೆ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮ್ ಮತ್ತು ಕಾಗದ ತಯಾರಿಸುತ್ತಿತ್ತು. ೧೯೬೭ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಕೊಡಕ್ ಕಂಪೆನಿ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನು ೨೦೦೫ರಲ್ಲೇ ಕೈಬಿಟ್ಟಿತು. ಇಂಗ್ಲೆಂಡಿನ ಇಲ್ಫೋರ್ಡ್‌ನಂಥ ಕೆಲವು ಹೆಸರುಗಳ ಕಾಗದ ಇಂದಿಗೂ ಸಿಗುತ್ತದೆ. ಆದರೆ ಅದು ಹೊರದೇಶದಿಂದ ಬರಬೇಕು. ಮಗನ ಅಥವಾ ಮಗಳ ಹವ್ಯಾಸಕ್ಕೆ ದುಡ್ಡು ಕೊಡುವ ತಂದೆತಾಯಿಗಳಿಗೆ ಇದು ಗೊತ್ತಿರುವುದು ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿ, ಹಾಳೆ ಉಳಿಸುವ ದಾರಿ ವಿದ್ಯಾರ್ಥಿಗೆ ಗೊತ್ತಿರಬೇಕು.

ಮೊದಲು ಓದು

ನೆಗೆಟಿವ್ ನೋಡುವುದಕ್ಕೂ ಓದುವುದಕ್ಕೂ ವ್ಯತ್ಯಾಸವಿದೆ. ಕಿಟಕಿಗೆ ಅಡ್ಡಹಿಡಿದು ‘ಚೆನ್ನಾಗಿ ಬಂದಿದೆ’ ಎನ್ನುವುದು ನೋಟ. ಓದಬೇಕಾದರೆ ಮೇಜಿನ ಮೇಲೊಂದು ಬಿಳಿ ಹಾಳೆ ಹಾಸಿ, ಅದರ ಮೇಲೆ ದೀಪದ ಬೆಳಕು ಬೀಳಿಸಿ, ಹಾಳೆಯಿಂದ ಸ್ವಲ್ಪ ಎತ್ತರದಲ್ಲಿ ನೆಗೆಟಿವ್ ಹಿಡಿದು ನೋಡಬೇಕು. ಹಿಂದೆ ಸಮನಾದ ಬಿಳುಪು ಇದ್ದರೆ ಮಾತ್ರ ನೆಗೆಟಿವ್‌ನ ದಟ್ಟ-ತೆಳುಗಳು ನಿಜವಾಗಿ ತಿಳಿಯುತ್ತವೆ.

ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಅಜ್ಜನ ಕರಿ ಕಂಬಳಿ ಇದ್ದ ಜಾಗ ಗಾಜಿನಂತೆ ತಿಳಿಯಾಗಿರುತ್ತದೆ. ಬಿಳಿ ಪಂಚೆ ಇದ್ದ ಜಾಗ ಕಪ್ಪಾಗಿ ದಟ್ಟವಾಗಿರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ.

ಮೊದಲನೆಯದು: ಕಂಬಳಿಯ ಜಾಗದಲ್ಲಿ ಏನಾದರೂ ಇದೆಯೇ? ಫಿಲ್ಮಿನ ಅಂಚು, ಅಂದರೆ ಚಿತ್ರವೇ ಇಲ್ಲದ ಖಾಲಿ ಭಾಗ, ಎಷ್ಟು ತಿಳಿಯಾಗಿದೆ ಎಂದು ನೋಡಿಕೊಂಡು ಕಂಬಳಿಯನ್ನು ಅದಕ್ಕೆ ಹೋಲಿಸಬೇಕು. ಕಂಬಳಿಯ ಮಡಿಕೆಗಳು ಮಸುಕಾಗಿಯಾದರೂ ಕಂಡರೆ ಕ್ಯಾಮೆರಾದಲ್ಲಿ ಸಾಕಷ್ಟು ಬೆಳಕು ಸಿಕ್ಕಿದೆ ಎಂದರ್ಥ. ಕಂಬಳಿಯೂ ಅಂಚಿನಷ್ಟೇ ಬರಿದಾಗಿದ್ದರೆ ಅಲ್ಲಿ ಏನೂ ದಾಖಲಾಗಿಲ್ಲ. ದಾಖಲಾಗದ್ದನ್ನು ಯಾವ ಎನ್‌ಲಾರ್ಜರೂ ತಂದುಕೊಡಲಾರದು.

ಎರಡನೆಯದು: ಪಂಚೆಯ ಜಾಗ ಎಷ್ಟು ದಟ್ಟವಾಗಿದೆ? ಇದಕ್ಕೆ ಹಳಬರು ಬಳಸುತ್ತಿದ್ದ ಸುಲಭದ ಪರೀಕ್ಷೆಯೊಂದಿದೆ. ನೆಗೆಟಿವನ್ನು ದಿನಪತ್ರಿಕೆಯ ಮೇಲಿಟ್ಟು ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಅತ್ಯಂತ ದಟ್ಟವಾದ ಭಾಗದ ಮೂಲಕವೂ ಅಕ್ಷರಗಳು ಮಂದವಾಗಿ ಕಂಡರೆ ಚಿಂತೆಯಿಲ್ಲ. ಅಕ್ಷರ ಪೂರ್ತಿ ಮುಚ್ಚಿಹೋದರೆ ಪಂಚೆಯ ನೆರಿಗೆಗಳನ್ನು ಕಾಗದದ ಮೇಲೆ ತರುವುದು ಕಷ್ಟದ ಕೆಲಸ.

ಈ ಎರಡು ಪ್ರಶ್ನೆಗಳ ಹಿಂದೆ ಒಂದು ಕಾರಣವಿದೆ. ಫಿಲ್ಮ್ ಡೆವಲಪರ್‌ನಲ್ಲಿರುವಾಗ ನೆರಳಿನ ಭಾಗಗಳು ಬೇಗ ತಮ್ಮ ಮಿತಿ ಮುಟ್ಟುತ್ತವೆ; ಅಲ್ಲಿ ಬೆಳಕು ತಾಗಿದ ಬೆಳ್ಳಿಯ ಕಣಗಳೇ ಕಡಿಮೆ. ಬೆಳಕಿನ ಭಾಗಗಳು ಮಾತ್ರ ಹೊತ್ತು ಹೋದಂತೆ ದಟ್ಟವಾಗುತ್ತಲೇ ಇರುತ್ತವೆ. ಹಾಗಾಗಿ ನೆರಳಿನ ವಿವರವನ್ನು ನಿರ್ಧರಿಸುವುದು ಕ್ಯಾಮೆರಾದಲ್ಲಿ ಕೊಟ್ಟ ಬೆಳಕು. ಬಿಳಿಯ ದಟ್ಟತೆಯನ್ನು ನಿರ್ಧರಿಸುವುದು ಡೆವಲಪಿಂಗ್ ಸಮಯ. ‘ಬೆಳಕು ಕಡಿಮೆಯಾಯಿತು, ಡೆವಲಪರ್‌ನಲ್ಲಿ ಎರಡು ನಿಮಿಷ ಹೆಚ್ಚು ಬಿಟ್ಟರಾಯಿತು’ ಎಂದು ಲೆಕ್ಕ ಹಾಕುವ ವಿದ್ಯಾರ್ಥಿಗೆ ಸಿಗುವುದು ಇನ್ನಷ್ಟು ಕಪ್ಪಾದ ಪಂಚೆಯೇ ಹೊರತು ಕಂಬಳಿಯ ಎಳೆಗಳಲ್ಲ.

ಅಂಚು ಹೇಳುವ ಸಾಕ್ಷಿ

ತಪ್ಪು ಎಲ್ಲಿ ನಡೆಯಿತು ಎಂಬುದಕ್ಕೆ ನೆಗೆಟಿವ್‌ನ ಅಂಚಿನಲ್ಲೇ ಸಾಕ್ಷಿ ಇರುತ್ತದೆ. ಫಿಲ್ಮಿನ ಹೆಸರು, ಚಿತ್ರದ ಸಂಖ್ಯೆ ಇತ್ಯಾದಿ ಅಕ್ಷರಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ಕ್ಯಾಮೆರಾಗೂ ಅವುಗಳಿಗೂ ಸಂಬಂಧವಿಲ್ಲ; ಅವು ಕಾಣಿಸಿಕೊಳ್ಳುವುದು ಡೆವಲಪರ್‌ನಿಂದ ಮಾತ್ರ.

ಅಂಚಿನ ಅಕ್ಷರಗಳು ಗಟ್ಟಿಯಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಕ್ಯಾಮೆರಾದಲ್ಲಿ ಬೆಳಕು ಸಾಲದಾಗಿದೆ. ಅಕ್ಷರಗಳೂ ಚಿತ್ರವೂ ಒಟ್ಟಿಗೆ ಪೇಲವವಾಗಿದ್ದರೆ ಡೆವಲಪರ್ ಹಳತಾಗಿದೆ, ತಣ್ಣಗಿದೆ ಅಥವಾ ಸಮಯ ಸಾಲದು. ಅಕ್ಷರಗಳು ಊದಿಕೊಂಡು ಅಂಚು ಚದುರಿದಂತಿದ್ದರೆ ಡೆವಲಪಿಂಗ್ ಅತಿಯಾಗಿದೆ. ರೋಲ್ ಪೂರ್ತಿ ಖಾಲಿ ಬಂದು ಅಂಚಿನಲ್ಲಿ ಅಕ್ಷರಗಳಿದ್ದರೆ ಫಿಲ್ಮ್ ಕ್ಯಾಮೆರಾದೊಳಗೆ ಮುಂದಕ್ಕೆ ಸರಿದೇ ಇಲ್ಲದಿರಬಹುದು. ಅಕ್ಷರಗಳೂ ಇಲ್ಲದಿದ್ದರೆ ಡೆವಲಪರ್ ಬದಲು ಮೊದಲೇ ಹೈಪೋ ಸುರಿದಿರುವ ಸಾಧ್ಯತೆಯೇ ಹೆಚ್ಚು. ಫಿಲ್ಮ್ ಹಾಲು ಬಿದ್ದಂತೆ ಮಬ್ಬಾಗಿದ್ದರೆ ಹೈಪೋ ಸಾಕಾಗಿಲ್ಲ. ಹೊಸ ಹೈಪೋದಲ್ಲಿ ಮತ್ತೆ ಅದ್ದಿ ಚೆನ್ನಾಗಿ ತೊಳೆದರೆ ಸರಿಹೋಗುತ್ತದೆ.

ಒಂದೇ ಹಾಳೆಯಲ್ಲಿ ಇಡೀ ರೋಲ್

ಓದಿನ ಮುಂದಿನ ಮೆಟ್ಟಿಲು ಕಾಂಟ್ಯಾಕ್ಟ್ ಪ್ರಿಂಟ್. ನೆಗೆಟಿವ್ ಪಟ್ಟಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು, ಮೇಲೊಂದು ಗಾಜು ಒತ್ತಿ, ಎನ್‌ಲಾರ್ಜರ್‌ನ ಬೆಳಕು ಕೊಟ್ಟರೆ ಚಿತ್ರಗಳೆಲ್ಲ ನೆಗೆಟಿವ್‌ನ ಅಳತೆಯಲ್ಲೇ ಮೂಡುತ್ತವೆ. ಬಹಳ ಜನ ಇದನ್ನು ಯಾವ ಚಿತ್ರ ಚೆನ್ನಾಗಿದೆ ಎಂದು ಆರಿಸಲು ಮಾತ್ರ ಬಳಸುತ್ತಾರೆ. ಆದರೆ ಸಮಯವನ್ನು ಸರಿಯಾಗಿ ಗೊತ್ತು ಮಾಡಿಕೊಂಡರೆ ಇದೇ ಹಾಳೆ ನೆಗೆಟಿವ್‌ಗಳ ಅಂಕಪಟ್ಟಿಯೂ ಆಗುತ್ತದೆ.

ಗೊತ್ತು ಮಾಡುವ ವಿಧಾನ ಹೀಗೆ. ಕಾಗದದ ಒಂದು ಪಟ್ಟಿಯ ಮೇಲೆ ಫಿಲ್ಮಿನ ಖಾಲಿ ತುದಿಯನ್ನು ಅರ್ಧ ಮಾತ್ರ ಮುಚ್ಚುವಂತೆ ಇಟ್ಟು, ಹಂತಹಂತವಾಗಿ ಹೆಚ್ಚು ಸಮಯ ಬೆಳಕು ಕೊಡಬೇಕು. ಡೆವಲಪ್ ಮಾಡಿದಾಗ ಒಂದು ಹಂತದಲ್ಲಿ ಖಾಲಿ ಫಿಲ್ಮಿನ ಕೆಳಗಿನ ಕಪ್ಪಿಗೂ ಫಿಲ್ಮ್ ಇಲ್ಲದ ಕಡೆಯ ಕಪ್ಪಿಗೂ ವ್ಯತ್ಯಾಸ ಕಾಣದಂತಾಗುತ್ತದೆ. ಹಾಗಾದ ಮೊದಲ ಹಂತದ ಸಮಯವೇ ಬೇಕಾದ ಸಮಯ. ಎನ್‌ಲಾರ್ಜರ್‌ನ ಎತ್ತರ, ಲೆನ್ಸಿನ ಅಪರ್ಚರ್, ಫಿಲ್ಟರ್ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಅದೇ ಫಿಲ್ಮ್, ಅದೇ ಕಾಗದ ಇರುವಷ್ಟು ಕಾಲ ಆ ಸಮಯ ಬದಲಾಗುವುದಿಲ್ಲ.

ಆ ಸಮಯದಲ್ಲಿ ತೆಗೆದ ಕಾಂಟ್ಯಾಕ್ಟ್ ಪ್ರಿಂಟ್ ಮುಲಾಜಿಲ್ಲದೆ ಮಾತಾಡುತ್ತದೆ. ಯಾವ ಚಿತ್ರ ತೀರಾ ಕಪ್ಪಾಗಿದೆಯೋ ಅದಕ್ಕೆ ಕ್ಯಾಮೆರಾದಲ್ಲಿ ಬೆಳಕು ಸಾಲದು. ಯಾವುದು ತೀರಾ ಬೆಳ್ಳಗಿದೆಯೋ ಅದಕ್ಕೆ ಹೆಚ್ಚಾಗಿದೆ. ಇಡೀ ಹಾಳೆಯೇ ಕಪ್ಪಾಗಿದ್ದರೆ ಮುಂದಿನ ರೋಲಿನಲ್ಲಿ ಫಿಲ್ಮಿನ ವೇಗವನ್ನು ೪೦೦ರ ಬದಲು ೨೦೦ ಎಂದು ಮೀಟರಿಗೆ ಹೇಳಬೇಕು. ಚಿತ್ರಗಳು ಒಂದು ಕಪ್ಪು, ಒಂದು ಬಿಳಿ ಎಂದು ಹೇಗೆ ಬೇಕೋ ಹಾಗಿದ್ದರೆ ಮೀಟರ್ ಹಿಡಿಯುವ ಅಭ್ಯಾಸವನ್ನೇ ತಿದ್ದಿಕೊಳ್ಳಬೇಕು. ತನ್ನ ತಪ್ಪನ್ನು ವಿದ್ಯಾರ್ಥಿ ತಾನೇ ಕಂಡುಹಿಡಿಯುವ ಇಂಥ ಸಾಧನಗಳು ಬೇರೆ ವಿದ್ಯೆಗಳಲ್ಲಿ ಕಡಿಮೆ.

ಎನ್‌ಲಾರ್ಜರ್ ಮುಂದೆ

ಓದು ಮುಗಿದ ಮೇಲೆ ಎನ್‌ಲಾರ್ಜರ್. ಇದು ತಲೆಕೆಳಗಾಗಿ ನಿಂತ ಕ್ಯಾಮೆರಾ ಎನ್ನಬಹುದು. ಮೇಲೆ ದೀಪ, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಲೆನ್ಸ್, ತಳದಲ್ಲಿ ಕಾಗದ. ಇಲ್ಲಿ ನಿರ್ಧರಿಸಬೇಕಾದವು ಲೆನ್ಸ್, ಎತ್ತರ, ಅಪರ್ಚರ್, ಸಮಯ ಮತ್ತು ಗ್ರೇಡ್.

ಲೆನ್ಸ್ ನೆಗೆಟಿವ್‌ನ ಅಳತೆಗೆ ತಕ್ಕದ್ದಾಗಿರಬೇಕು. ೩೫ ಮಿ.ಮೀ. ಫಿಲ್ಮಿಗೆ ೫೦ ಮಿ.ಮೀ. ಲೆನ್ಸ್, ೬×೬ ಸೆಂ.ಮೀ. ನೆಗೆಟಿವ್‌ಗೆ ೭೫ ಅಥವಾ ೮೦ ಮಿ.ಮೀ. ದೊಡ್ಡ ನೆಗೆಟಿವ್‌ಗೆ ಚಿಕ್ಕ ಲೆನ್ಸ್ ಹಾಕಿದರೆ ಮೂಲೆಗಳಿಗೆ ಬೆಳಕು ತಲುಪುವುದಿಲ್ಲ. ನೆಗೆಟಿವ್‌ನ ಮಂದವಾದ ಮೈ, ಅಂದರೆ ಹೊಳಪಿಲ್ಲದ ಕಡೆ, ಕೆಳಮುಖವಾಗಿರಬೇಕು. ಇಲ್ಲದಿದ್ದರೆ ಅಜ್ಜನ ಎಡಗೈ ಬಲಗೈಯಾಗುತ್ತದೆ.

ಫೋಕಸ್ ಮಾಡುವಾಗ ಲೆನ್ಸನ್ನು ಪೂರ್ತಿ ತೆರೆದಿಡಬೇಕು. ಬೆಳಕು ಹೆಚ್ಚಿದ್ದಾಗ ಫಿಲ್ಮಿನ ಕಣಗಳು ಸ್ಪಷ್ಟವಾಗಿ ಕಾಣುತ್ತವೆ. ಪ್ರಿಂಟ್ ಮಾಡುವಾಗ ಎರಡು ಅಥವಾ ಮೂರು ಸ್ಟಾಪ್ ಮುಚ್ಚಬೇಕು. ಎಫ್ ೨.೮ರ ಲೆನ್ಸ್ ಆದರೆ ಎಫ್ ೫.೬ ಅಥವಾ ೮. ಹೆಚ್ಚಿನ ಲೆನ್ಸುಗಳು ಚುರುಕಾಗಿ ಕೆಲಸ ಮಾಡುವುದು ಈ ನಡುವಿನ ಜಾಗದಲ್ಲೇ. ಪೂರ್ತಿ ತೆರೆದರೆ ಮೂಲೆಗಳು ಮಂಕಾಗುತ್ತವೆ, ತೀರಾ ಮುಚ್ಚಿದರೆ ಇಡೀ ಚಿತ್ರವೇ ಹರಿತ ಕಳೆದುಕೊಳ್ಳುತ್ತದೆ. ಸಮಯ ೧೦ರಿಂದ ೨೦ ಸೆಕೆಂಡಿನೊಳಗೆ ಬರುವಂತೆ ಅಪರ್ಚರ್ ಆರಿಸಿಕೊಂಡರೆ ಕೈಯಾಡಿಸಲು ಬಿಡುವಿರುತ್ತದೆ. ಮೂರು ಸೆಕೆಂಡಿನ ಪ್ರಿಂಟಿನಲ್ಲಿ ಅರ್ಧ ಸೆಕೆಂಡ್ ತಪ್ಪಿದರೂ ಎದ್ದು ಕಾಣುತ್ತದೆ.

ಎತ್ತರ ಬದಲಾದರೆ ಸಮಯವೂ ಬದಲಾಗಬೇಕು. ಇಲ್ಲಿ ಒಂದು ಸಣ್ಣ ಲೆಕ್ಕ ವಿದ್ಯಾರ್ಥಿಗಳಿಗೆ ಖುಷಿ ಕೊಡಬಹುದು. ಚಿತ್ರವನ್ನು ಎಷ್ಟು ಪಟ್ಟು ಹಿಗ್ಗಿಸಲಾಗಿದೆಯೋ ಅದಕ್ಕೆ ಒಂದು ಕೂಡಿಸಿ ವರ್ಗ ಮಾಡಬೇಕು. ೩೫ ಮಿ.ಮೀ. ನೆಗೆಟಿವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಸುಮಾರು ೪×೬ ಅಂಗುಲದ ಚಿತ್ರ; ಲೆಕ್ಕ ೫×೫, ಅಂದರೆ ೨೫. ಎಂಟು ಪಟ್ಟು ಹಿಗ್ಗಿಸಿದರೆ ಸುಮಾರು ೮×೧೨ ಅಂಗುಲ. ಲೆಕ್ಕ ೯×೯, ಅಂದರೆ ೮೧. ೮೧ನ್ನು ೨೫ರಿಂದ ಭಾಗಿಸಿದರೆ ೩.೨೪. ಚಿಕ್ಕ ಪ್ರಿಂಟಿಗೆ ೧೦ ಸೆಕೆಂಡ್ ಸಾಕಾಗಿದ್ದರೆ ದೊಡ್ಡದಕ್ಕೆ ಸುಮಾರು ೩೨ ಸೆಕೆಂಡ್ ಬೇಕು; ಅಪರ್ಚರ್ ಒಂದು ಸ್ಟಾಪ್ ತೆರೆದರೆ ೧೬. ಈ ಲೆಕ್ಕ ಕೊನೆಯ ಉತ್ತರವಲ್ಲ, ಪರೀಕ್ಷೆ ಶುರುಮಾಡಲು ಒಂದು ನೆಲೆ.

ನಮ್ಮ ಊರುಗಳಲ್ಲಿ ಲೆಕ್ಕ ತಪ್ಪಿಸುವ ಇನ್ನೊಂದು ಸಂಗತಿ ವೋಲ್ಟೇಜ್. ಟಂಗ್‌ಸ್ಟನ್ ದೀಪದ ಎನ್‌ಲಾರ್ಜರ್ ಆಗಿದ್ದರೆ ವೋಲ್ಟೇಜ್ ಶೇ ೧೦ರಷ್ಟು ಇಳಿದಾಗ ಬೆಳಕು ಸುಮಾರು ಶೇ ೩೦ರಷ್ಟು ಕುಸಿಯುತ್ತದೆ. ಪಕ್ಕದ ಮನೆಯವರು ಪಂಪ್ ಹಾಕಿದ ಹೊತ್ತಿನಲ್ಲಿ ತೆಗೆದ ಪ್ರಿಂಟ್ ಬೆಳ್ಳಗೆ ಬಂದರೆ ಆಶ್ಚರ್ಯವಿಲ್ಲ. ಸ್ಟೆಬಿಲೈಸರ್ ಇಲ್ಲದಿದ್ದರೆ ವಿದ್ಯುತ್ ಸ್ಥಿರವಾಗಿರುವ ತಡರಾತ್ರಿಯೋ ನಸುಕೋ ಒಳ್ಳೆಯ ಸಮಯ.

ಪಟ್ಟಿ ಕತ್ತರಿಸುವ ಉಳಿತಾಯ

ಇಡೀ ಹಾಳೆಯ ಮೇಲೆ ಅಂದಾಜಿನಲ್ಲಿ ಬೆಳಕು ಕೊಡುವುದು ದುಂದು. ಹಾಳೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಅದನ್ನು ಚಿತ್ರದ ಮುಖ್ಯ ಭಾಗದ ಮೇಲಿಡಬೇಕು. ಅಜ್ಜನ ಚಿತ್ರದಲ್ಲಿ ಪ್ರತಿ ಹಂತದಲ್ಲೂ ಪಂಚೆಯ ಬಿಳಿ ಸಿಗುವಂತೆ ಪಟ್ಟಿ ಇಡುವುದು ಜಾಣತನ. ರಟ್ಟಿನಿಂದ ಮುಚ್ಚುತ್ತ ಬಂದು ೫, ೧೦, ೧೫, ೨೦ ಸೆಕೆಂಡುಗಳ ಹಂತ ಮಾಡುವುದು ರೂಢಿ. ಆದರೆ ೫ರಿಂದ ೧೦ಕ್ಕೆ ಹೋದಾಗ ಬೆಳಕು ದುಪ್ಪಟ್ಟಾಗುತ್ತದೆ. ೧೫ರಿಂದ ೨೦ಕ್ಕೆ ಹೋದಾಗ ಮೂರನೇ ಒಂದು ಪಾಲು ಮಾತ್ರ ಹೆಚ್ಚುತ್ತದೆ. ಕಣ್ಣಿಗೆ ಸಮಾನ ಹೆಜ್ಜೆಗಳಾಗಿ ಕಾಣಬೇಕಾದರೆ ೫, ೭, ೧೦, ೧೪, ೨೦ ಎಂಬ ಸಾಲು ಮೇಲು. ಮೊದಲು ಇಡೀ ಪಟ್ಟಿಗೆ ೫ ಸೆಕೆಂಡ್ ಕೊಟ್ಟು, ಆಮೇಲೆ ಒಂದೊಂದೇ ಭಾಗ ಮುಚ್ಚುತ್ತ ಕ್ರಮವಾಗಿ ೨, ೩, ೪, ೬ ಸೆಕೆಂಡ್ ಸೇರಿಸಿದರೆ ಈ ಸಾಲು ಸಿಗುತ್ತದೆ.

ಪಟ್ಟಿ ಡೆವಲಪ್ ಆದ ಮೇಲೆ ಕಣ್ಣು ಮೊದಲು ಎಲ್ಲಿ ಹೋಗಬೇಕು? ಹೊಸಬರು ಕಪ್ಪನ್ನು ನೋಡುತ್ತಾರೆ. ನೋಡಬೇಕಾದದ್ದು ಬಿಳಿಯನ್ನು. ಪಂಚೆ ಬಿಳಿಯಾಗಿಯೇ ಇದ್ದು ನೆರಿಗೆಗಳು ಈಗಷ್ಟೇ ಕಾಣತೊಡಗಿದ ಹಂತ ಯಾವುದೋ ಅದೇ ಸರಿಯಾದ ಸಮಯ. ಕಂಬಳಿ ಹೇಗಿದೆ ಎಂಬ ಚಿಂತೆ ಆಗ ಬೇಡ.

ಸಮಯ ಗೊತ್ತಾದ ಮೇಲೆ ಕಂಬಳಿಯ ಸರದಿ. ಅದು ಬೂದು ಬಣ್ಣಕ್ಕೆ ತಿರುಗಿ ಜೀವವಿಲ್ಲದಂತಿದ್ದರೆ ಗ್ರೇಡ್ ಏರಿಸಬೇಕು. ಎಳೆಗಳೆಲ್ಲ ಮುಚ್ಚಿ ಟಾರು ಬಳಿದಂತಾಗಿದ್ದರೆ ಇಳಿಸಬೇಕು. ಹಿಂದೆ ಒಂದೊಂದು ಗ್ರೇಡಿಗೆ ಒಂದೊಂದು ಡಬ್ಬಿ ಕಾಗದ ಕೊಳ್ಳಬೇಕಿತ್ತು. ಇಲ್ಫೋರ್ಡ್ ಕಂಪೆನಿ ೧೯೪೦ರಲ್ಲಿ ತಂದ ‘ಮಲ್ಟಿಗ್ರೇಡ್’ ಕಾಗದ ಆ ತೊಂದರೆ ತಪ್ಪಿಸಿತು. ಬೆಳಕಿನ ದಾರಿಯಲ್ಲಿ ಹಳದಿ ಫಿಲ್ಟರ್ ಇಟ್ಟರೆ ಮೆದು, ಕೆನ್ನೀಲಿ-ಗುಲಾಬಿಯತ್ತ ಹೋದಂತೆ ಗಡುಸು. ಈಗಿನ ಫಿಲ್ಟರುಗಳು ೦೦ಯಿಂದ ೫ರವರೆಗೆ ಹನ್ನೆರಡು ಮೆಟ್ಟಿಲುಗಳಲ್ಲಿ ಸಿಗುತ್ತವೆ. ಈ ಫಿಲ್ಟರುಗಳಲ್ಲಿ ಮೂರೂವರೆಯವರೆಗೆ ಸಮಯ ಹೆಚ್ಚು ಬದಲಾಗುವುದಿಲ್ಲ. ೪ ಮತ್ತು ಅದಕ್ಕಿಂತ ಮೇಲಿನವಕ್ಕೆ ದುಪ್ಪಟ್ಟು ಬೇಕು. ಆದರೂ ಫಿಲ್ಟರ್ ಬದಲಾದಾಗ ಮತ್ತೊಂದು ಪಟ್ಟಿ ತೆಗೆದು ಪಂಚೆಯನ್ನು ನೋಡಿಕೊಳ್ಳುವುದೇ ಕ್ಷೇಮ.

ಒಟ್ಟಿನಲ್ಲಿ ನೆನಪಿಡಬೇಕಾದ ಸೂತ್ರ ಎರಡು ಸಾಲಿನದು. ನೆಗೆಟಿವ್‌ನಲ್ಲಿ ಕಪ್ಪಿಗೆ ಬೆಳಕು, ಬಿಳಿಗೆ ಡೆವಲಪರ್. ಪ್ರಿಂಟಿನಲ್ಲಿ ಬಿಳಿಗೆ ಸಮಯ, ಕಪ್ಪಿಗೆ ಗ್ರೇಡ್.

ಮೊದಲ ಪಟ್ಟಿಗೆ ೨ನೇ ಗ್ರೇಡ್ ಇಡುವುದು ವಾಡಿಕೆ. ಆದರೆ ಒಂದೇ ನೆಗೆಟಿವ್ ಎರಡು ಡಾರ್ಕ್‌ರೂಮುಗಳಲ್ಲಿ ಬೇರೆ ಬೇರೆ ಗ್ರೇಡ್ ಕೇಳಬಹುದು. ದೀಪದ ಕೆಳಗೆ ದಪ್ಪ ಮಸೂರಗಳಿರುವ ಕಂಡೆನ್ಸರ್ ಎನ್‌ಲಾರ್ಜರ್, ಹಾಲುಗಾಜಿನ ಮೂಲಕ ಬೆಳಕು ಚದುರಿಸುವ ಎನ್‌ಲಾರ್ಜರ್‌ಗಿಂತ ಗಡುಸಾದ ಪ್ರಿಂಟ್ ಕೊಡುತ್ತದೆ. ದೂಳು, ಗೀರುಗಳನ್ನೂ ಹೆಚ್ಚು ತೋರಿಸುತ್ತದೆ. ಗೆಳೆಯನ ನೋಟ್‌ಬುಕ್ಕಿನ ಗ್ರೇಡನ್ನು ಹಾಗೆಯೇ ನಕಲು ಮಾಡಿದರೆ ಉಪಯೋಗವಾಗದಿರುವುದು ಇದಕ್ಕೇ.

ಟ್ರೇ ಮುಂದೆ ತಾಳ್ಮೆ

ಡೆವಲಪರ್ ಟ್ರೇಯಲ್ಲಿ ಚಿತ್ರ ಮೂಡಿಬರುವುದನ್ನು ಮೊದಲ ಸಲ ನೋಡುವ ಯಾರಿಗೂ ಮೈ ಜುಮ್ಮೆನ್ನುತ್ತದೆ. ಅವಸರವಾಗುವುದೂ ಅಲ್ಲೇ. ‘ಕಪ್ಪಾಗುತ್ತಿದೆ’ ಎಂದು ಹೆದರಿ ಅರ್ಧಕ್ಕೇ ಕಾಗದ ಎತ್ತಿದರೆ ಕಪ್ಪು ಕಪ್ಪಾಗದೆ ಕೆಸರಿನ ಬಣ್ಣಕ್ಕೆ ನಿಲ್ಲುತ್ತದೆ. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಸುಮಾರು ಒಂದು ನಿಮಿಷ, ಬರಿ ನಾರಿನ ಕಾಗದಕ್ಕೆ ಎರಡರಿಂದ ಮೂರು ನಿಮಿಷ ಪೂರ್ತಿ ಕೊಡಲೇಬೇಕು. ಪ್ರಿಂಟ್ ಕಪ್ಪಾದರೆ ಎನ್‌ಲಾರ್ಜರ್‌ನ ಸಮಯ ಕಡಿಮೆ ಮಾಡಬೇಕೇ ಹೊರತು ಟ್ರೇಯ ಸಮಯವನ್ನಲ್ಲ.

ತೀರ್ಪು ಕೊಡುವ ಬೆಳಕೂ ಮುಖ್ಯ. ಸೇಫ್‌ಲೈಟಿನ ಕೆಂಪಿನಲ್ಲಿ ಪ್ರಿಂಟ್ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಹೈಪೋ ಮುಗಿದ ಮೇಲೆ ಬಿಳಿ ದೀಪದಲ್ಲಿ ನೋಡಿಯೇ ನಿರ್ಧರಿಸಬೇಕು. ಅದರಲ್ಲೂ ಒದ್ದೆ ಪ್ರಿಂಟ್ ಒಣಗಿದಾಗ ಒಂದಿಷ್ಟು ಕಪ್ಪಾಗುತ್ತದೆ. ನಾರಿನ ಕಾಗದದಲ್ಲಿ ಇದು ಹೆಚ್ಚು. ಒದ್ದೆಯಿದ್ದಾಗ ಪಂಚೆ ಸ್ವಲ್ಪ ಹೆಚ್ಚೇ ಬೆಳ್ಳಗೆ ಕಂಡರೆ ಒಣಗಿದ ಮೇಲೆ ಸರಿಯಾಗಿರುತ್ತದೆ. ಅನುಭವಿಗಳು ಪಟ್ಟಿಯನ್ನು ಒಣಗಿಸಿ ನೋಡಿದ ಮೇಲೆಯೇ ಪೂರ್ಣ ಹಾಳೆ ತೆಗೆಯುತ್ತಾರೆ.

ಚಂದ್ರೋದಯದ ಒಂದು ನೆಗೆಟಿವ್

ನೆಗೆಟಿವ್ ಓದುವುದರಲ್ಲಿ ಏನು ಪಣಕ್ಕಿರುತ್ತದೆ ಎಂಬುದಕ್ಕೆ ಅಮೆರಿಕದ ಆನ್ಸೆಲ್ ಆಡಮ್ಸ್ ತೆಗೆದ ‘ಮೂನ್‌ರೈಸ್, ಹೆರ್ನಾಂಡೆಜ್, ನ್ಯೂ ಮೆಕ್ಸಿಕೊ’ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ೧೯೪೧ರ ನವೆಂಬರ್ ೧ರ ಸಂಜೆ ಕಾರಿನಲ್ಲಿ ಹೋಗುತ್ತಿದ್ದ ಅವರಿಗೆ ಪುಟ್ಟ ಹಳ್ಳಿಯೊಂದರ ಮೇಲೆ ಚಂದ್ರ ಏರಿದ್ದು ಕಂಡಿತು. ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಬೆಳಕು. ಅವಸರದಲ್ಲಿ ಎಕ್ಸ್‌ಪೋಷರ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಅಂಕಿ ನೆನಪಿತ್ತು. ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಗಿತ್ತು.

ಸಿಕ್ಕಿದ್ದು ಅದೊಂದೇ ನೆಗೆಟಿವ್. ಅದರಲ್ಲಿ ಚಂದ್ರ ಸರಿಯಾಗಿದ್ದ, ಹಳ್ಳಿಯ ಭಾಗ ತೆಳುವಾಗಿತ್ತು. ಆದರೆ ಖಾಲಿಯಾಗಿರಲಿಲ್ಲ. ೧೯೪೮ರಲ್ಲಿ ಆಡಮ್ಸ್ ನೆಗೆಟಿವ್‌ನ ಕೆಳಭಾಗವನ್ನು ಮಾತ್ರ ರಾಸಾಯನಿಕದಲ್ಲಿ ಅದ್ದಿ ದಟ್ಟಗೊಳಿಸಿದರು. ಆರಂಭದ ಪ್ರಿಂಟುಗಳಲ್ಲಿ ಆಕಾಶದ ಮೇಲ್ಭಾಗದಲ್ಲಿ ತಿಳಿಮೋಡಗಳು ಕಾಣುತ್ತವೆ. ದಶಕಗಳ ನಂತರದವುಗಳಲ್ಲಿ ಆಕಾಶ ಕಡುಗಪ್ಪು. ಒಂದೇ ನೆಗೆಟಿವ್‌ನಿಂದ ಅವರು ತಮ್ಮ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಪ್ರಿಂಟ್ ತೆಗೆದರು. ಪಿಯಾನೊ ಕಲಿತಿದ್ದ ಆಡಮ್ಸ್ ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ವಾದನಕ್ಕೂ ಹೋಲಿಸುತ್ತಿದ್ದರು. ಒಂದೇ ಕೃತಿಯನ್ನು ಹತ್ತು ವಿದ್ವಾಂಸರು ಹತ್ತು ಬಗೆಯಲ್ಲಿ ಹಾಡುವುದನ್ನು ಕೇಳಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಆದರೆ ಸ್ವರವೇ ಇಲ್ಲದ ಕಡೆ ಗಾಯಕ ಏನು ಹಾಡಿಯಾನು? ತೆಳುವಾದ ನೆಗೆಟಿವ್‌ಗೂ ಖಾಲಿ ನೆಗೆಟಿವ್‌ಗೂ ಇರುವ ಅಂತರ ಅದು.

ಆಕಾಶವನ್ನು ಕಪ್ಪಾಗಿಸಲು ಆಡಮ್ಸ್ ಬಳಸಿದ ಉಪಾಯ ‘ಬರ್ನಿಂಗ್’. ಉಳಿದ ಭಾಗವನ್ನು ರಟ್ಟಿನಿಂದಲೋ ಅಂಗೈಯಿಂದಲೋ ಮರೆಮಾಡಿ ಬೇಕಾದ ಕಡೆಗೆ ಮಾತ್ರ ಹೆಚ್ಚು ಬೆಳಕು ಕೊಡುವುದು. ಇದಕ್ಕೆ ವಿರುದ್ಧವಾದದ್ದು ‘ಡಾಡ್ಜಿಂಗ್’: ತಂತಿಯ ತುದಿಗೆ ಸಿಕ್ಕಿಸಿದ ಪುಟ್ಟ ರಟ್ಟಿನ ಚೂರನ್ನು ಅಲ್ಲಾಡಿಸುತ್ತ ಒಂದು ಭಾಗಕ್ಕೆ ಬೆಳಕು ಕಡಿಮೆ ಮಾಡುವುದು. ಕೈ ಒಂದೇ ಕಡೆ ನಿಂತರೆ ಅಂಚು ಗೆರೆಯಾಗಿ ಕಾಣುತ್ತದೆ, ಅಲ್ಲಾಡುತ್ತಲೇ ಇರಬೇಕು. ೧೯೯೦ರಲ್ಲಿ ಬಂದ ಫೋಟೋಶಾಪ್ ಬಳಸಿದ ವಿದ್ಯಾರ್ಥಿಗಳಿಗೆ ಈ ಎರಡು ಹೆಸರುಗಳೂ ಪರಿಚಿತ. ಅಲ್ಲಿ ಡಾಡ್ಜ್‌ಗೆ ಕಡ್ಡಿಯ ತುದಿಯ ಚೂರು, ಬರ್ನ್‌ಗೆ ಮಡಿಸಿದ ಅಂಗೈ ಗುರುತಾಗಿರುವುದು ಡಾರ್ಕ್‌ರೂಮಿನ ನೆನಪಿಗಾಗಿಯೇ.

ಬಿಸಿಲನಾಡಿನ ಎಚ್ಚರ

ಪುಸ್ತಕಗಳಲ್ಲಿರುವ ಡೆವಲಪಿಂಗ್ ಸಮಯವೆಲ್ಲ ೨೦ ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ನಲ್ಲಿಯ ನೀರೇ ಅದಕ್ಕಿಂತ ಎಷ್ಟೋ ಬಿಸಿ. ೨೦ ಡಿಗ್ರಿಯಲ್ಲಿ ಹತ್ತು ನಿಮಿಷ ಬೇಕಾದ ಫಿಲ್ಮಿಗೆ ೨೪ ಡಿಗ್ರಿಯಲ್ಲಿ ಸುಮಾರು ಏಳು ನಿಮಿಷ ಸ���ಕು. ಇದನ್ನು ಗಮನಿಸದಿದ್ದರೆ ಪಂಚೆ ಮುಚ್ಚಿಹೋದ ನೆಗೆಟಿವ್ ಖಂಡಿತ. ಮಡಕೆಯ ತಣ್ಣೀರಿನಲ್ಲಿ ಬಾಟಲಿಗಳನ್ನು ನಿಲ್ಲಿಸಿ ಥರ್ಮಾಮೀಟರಿನಿಂದ ನೋಡಿಕೊಳ್ಳುವುದು ಸುಲಭದ ಉಪಾಯ. ಡೆವಲಪರ್, ಹೈಪೋ, ತೊಳೆಯುವ ನೀರು ಮೂರೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರಲಿ.

ತಂದೆತಾಯಿಗಳು ಗಮನಿಸಬೇಕಾದ ಮಾತುಗಳೂ ಇವೆ. ಬಚ್ಚಲುಮನೆಯನ್ನು ಡಾರ್ಕ್‌ರೂಮ್ ಮಾಡಬಹುದು, ಅಡುಗೆಮನೆಯನ್ನು ಮಾಡಬಾರದು. ಅಡುಗೆಯ ಪಾತ್ರೆ, ಲೋಟ ಇದಕ್ಕೆ ಬಳಸಬಾರದು. ದ್ರಾವಣಗಳನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವುದು ಅಪಾಯ. ಪ್ರತಿ ಬಾಟಲಿಯ ಮೇಲೂ ಹೆಸರು ಬರೆದು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಡೆವಲಪರ್‌ನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ಆದ್ದರಿಂದ ಚಿಮಟ ಅಥವಾ ಕೈಗವಸು ಇರಲಿ. ಹೈಪೋದ ಘಾಟು ಹೊರಹೋಗಲು ಗಾಳಿಯ ದಾರಿ ಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಗಿಡಗಳಿಗಾಗಲಿ ಬಾವಿಯ ಹತ್ತಿರವಾಗಲಿ ಚೆಲ್ಲಬಾರದು. ಒದ್ದೆ ಕೈಯಲ್ಲಿ ಎನ್‌ಲಾರ್ಜರ್‌ನ ಸ್ವಿಚ್ ಮುಟ್ಟಬಾರದೆಂಬುದನ್ನಂತೂ ಮೊದಲ ದಿನವೇ ಹೇಳಿಕೊಡಬೇಕು.

ಕಲಿತದ್ದು ಎಲ್ಲಿಗೆ?

ಫೋನಿನಲ್ಲೇ ಸಾವಿರ ಚಿತ್ರ ತೆಗೆಯುವ ಕಾಲದಲ್ಲಿ ಇದೆಲ್ಲ ಏಕೆ ಎಂಬ ಪ್ರಶ್ನೆ ತಂದೆತಾಯಿಗಳಿಂದ ಬರುವುದು ಸಹಜ. ಇದರಿಂದ ನೇರವಾಗಿ ಉದ್ಯೋಗ ಸಿಗುತ್ತದೆಂದು ಹೇಳುವುದು ಸುಳ್ಳಾಗುತ್ತದೆ. ಸಿಗುವುದು ಬೆಳಕನ್ನು ಅಳೆಯುವ ಕಣ್ಣು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ ಅವರು ‘ಪ್ಯಾಸಾ’ (೧೯೫೭), ‘ಕಾಗಜ್ ಕೆ ಫೂಲ್’ (೧೯೫೯) ಚಿತ್ರಗಳಲ್ಲಿ ನೆರಳು-ಬೆಳಕನ್ನು ದುಡಿಸಿದ ರೀತಿಯನ್ನು ಇಂದಿಗೂ ಕ್ಯಾಮೆರಾ ಹಿಡಿಯುವವರು ನೋಡಿ ಕಲಿಯುತ್ತಾರೆ. ೨೦೦೮ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ. ಅವರ ಕಾಲದಲ್ಲಿ ತೆಗೆದದ್ದನ್ನು ಅಲ್ಲೇ ತೆರೆಯ ಮೇಲೆ ನೋಡುವ ಸೌಕರ್ಯವಿರಲಿಲ್ಲ. ಕಪ್ಪಿನಲ್ಲಿ ಎಷ್ಟು ಉಳಿಯುತ್ತದೆ, ಬಿಳಿಯಲ್ಲಿ ಎಷ್ಟು ಕಳೆದುಹೋಗುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಕಾಣಬೇಕಿತ್ತು.

ಈ ವಿದ್ಯೆ ಮನೆಯಲ್ಲೇ ಉಪಯೋಗಕ್ಕೆ ಬರುವ ಸಂದರ್ಭವೂ ಉಂಟು. ಎಷ್ಟೋ ಮನೆಗಳ ಟ್ರಂಕು, ಬೀರುಗಳಲ್ಲಿ ಸ್ಟುಡಿಯೊದವರು ಕೊಟ್ಟ ಕವರಿನಲ್ಲೇ ಹಳೆಯ ನೆಗೆಟಿವ್‌ಗಳು ಬಿದ್ದಿವೆ. ಮದುವೆಯ ಫೋಟೊ ಗೆದ್ದಲು ತಿಂದಿರಬಹುದು, ಆಲ್ಬಂ ಮಳೆಯಲ್ಲಿ ನೆನೆದಿರಬಹುದು. ನೆಗೆಟಿವ್ ಇದ್ದರೆ ಚಿತ್ರ ಇನ್ನೂ ಇದೆ. ಕಿತ್ತಳೆ ಬಣ್ಣದವು ಕಲರ್ ನೆಗೆಟಿವ್‌ಗಳು. ಅವನ್ನು ಕಪ್ಪು-ಬಿಳುಪು ಕಾಗದದ ಮೇಲೆ ತೆಗೆಯಲು ಗಡುಸಾದ ಫಿಲ್ಟರ್ ಮತ್ತು ಹೆಚ್ಚು ಸಮಯ ಬೇಕು. ಬೂದು ಬಣ್ಣದವು ಹಳೆಯ ಕಪ್ಪು-ಬಿಳುಪಿನವು. ಅವನ್ನು ಸಲೀಸಾಗಿ ಪ್ರಿಂಟ್ ಮಾಡಬಹುದು. ಕವರ್ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಅಂಥವನ್ನು ಉಳಿದವುಗಳಿಂದ ಬೇರ್ಪಡಿಸಿ, ತಂಪಾದ ಒಣ ಜಾಗದಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಅವನ್ನೇ ಪ್ರಿಂಟ್ ಮಾಡಬೇಕು ಅಥವಾ ಸ್ಕ್ಯಾನ್ ಮಾಡಿಸಬೇಕು.

ಡಾರ್ಕ್‌ರೂಮ್ ಕಟ್ಟುವ ಮೊದಲೇ ಮಾಡಬಹುದಾದ ಅಭ್ಯಾಸ ಇದು. ಬೇಕಾದದ್ದು ಒಂದು ಬಿಳಿ ಹಾಳೆ, ಒಂದು ದೀಪ, ಒಂದು ದಿನಪತ್ರಿಕೆ. ನೆಗೆಟಿವ್‌ನಲ್ಲಿರುವವರು ಯಾರು ಎಂದು ಹೇಳಲು ಮನೆಯ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಅವರು ಹೇಳುವ ಹೆಸರುಗಳನ್ನು ಕವರಿನ ಮೇಲೆ ಪೆನ್ಸಿಲಿನಿಂದ ಬರೆದಿಡಬೇಕು.